ಹಬ್ಬಕ್ಕೆ ಆರಿಸಿದ ಎಚ್ಚರಿಕೆಗಳು

ಕೊರಟಗೆರೆ ಬಸ್ ಸ್ಟ್ಯಾಂಡ್ ಹಿಂದಿನ ನಮ್ಮ ಆಫೀಸಿನಲ್ಲಿ ಇರುವುದೇ ಮೂವರು: ಓನರು, ಪಾವಗಡ ಕಡೆಯ ಒಬ್ಬ ಸಹೋದ್ಯೋಗಿ, ನಾನು. ಬೋರ್‌ವೆಲ್ ಮೋಟಾರನ್ನು ಮೊಬೈಲಿನಿಂದ ನಡೆಸುವ ಪೆಟ್ಟಿಗೆಗೆ ಪ್ರೋಗ್ರಾಂ ಬರೆಯುತ್ತೇವೆ. ಕರೆಂಟ್ ಬಂದ ಕೂಡಲೇ ಮೋಟಾರು ತಾನಾಗಿಯೇ ಓಡುತ್ತದೆ. ರಿಪೇರಿ ಇದ್ದರೆ ರೈತರು ಮೊಬೈಲಿನಲ್ಲಿ ‘ಬೀಗ’ ಒತ್ತುತ್ತಾರೆ. ಆಮೇಲೆ ಕರೆಂಟ್ ಬಂದರೂ ಅದು ಓಡಬಾರದು.

ನಾವು ಕೋಡ್ ಬರೆಯುವ ಎಡಿಟರ್ ಅನುಮಾನ ಬಂದ ಸಾಲಿಗೆಲ್ಲ ಹಳದಿ ಗೆರೆ ಎಳೆಯುತ್ತದೆ. ಬೀಗ, ನೀರು ಎಂದು ನಮ್ಮ ಮಾತಿನಲ್ಲಿ ಹೆಸರಿಟ್ಟರೆ ಅದಕ್ಕೂ ಗೆರೆ. ಒಳ್ಳೇ ಅತ್ತೆ ಕಾಟ! ಒಂದು ದಿನ ಪಟ್ಟು ಹಿಡಿದು ಕೂತು, ಅಂಥ ಚಿಲ್ಲರೆ ಎಚ್ಚರಿಕೆಗಳನ್ನೆಲ್ಲ ಆಫ್ ಮಾಡಿ, ಜೀವಕ್ಕೆ ಕುತ್ತು ತರುವಂಥವನ್ನು ಕೆಂಪು ಮಾಡಿದ್ದೆ. ಕೆಂಪು ಇರುವತನಕ ಪ್ರೋಗ್ರಾಂ ಆಫೀಸು ಬಿಟ್ಟು ಹೊರಡುವಂತಿರಲಿಲ್ಲ.

ಆಯುಧಪೂಜೆಗೆ ಕಂಪ್ಯೂಟರುಗಳಿಗೆ ವಿಭೂತಿ, ಕುಂಕುಮ ಹಚ್ಚಿ, ಪರದೆಯ ಮೇಲೆ ನಮ್ಮ ಕೋಡ್ ತೆರೆದಿಟ್ಟು ಮಂಗಳಾರತಿ ಎತ್ತುವುದು ಓನರ ಪದ್ಧತಿ. ನಾನು ರಜೆಯಲ್ಲಿದ್ದೆ. “ಪೂಜೆ ಹೊತ್ನಾಗೆ ಕೆಂಪು ಗೀಟು, ಹಳದಿ ಗೀಟು ಕಾಣ್ಬಾರ್ದು ಕಣಪ್ಪ” ಎಂದು ಅವರು ಸಹೋದ್ಯೋಗಿಗೆ ಹೇಳಿದರಂತೆ. ಆ ಪುಣ್ಯಾತ್ಮ ಎಚ್ಚರಿಕೆಗಳನ್ನೇ ಪೂರಾ ಆರಿಸಿಬಿಟ್ಟಿದ್ದ.

ರಜೆ ಮುಗಿಸಿ ಬಂದರೆ ಪರದೆ ತೊಳೆದಿಟ್ಟ ಹಾಗಿದೆ. ಇಷ್ಟು ಚೊಕ್ಕ ಕೋಡ್ ಬರೆಯುವ ಯೋಗ್ಯತೆ ನಮಗೆಲ್ಲಿಯದು! ಎಚ್ಚರಿಕೆಗಳನ್ನು ಮತ್ತೆ ಆನ್ ಮಾಡಿದೆ. ನಾನಿಲ್ಲದಾಗ ಸಹೋದ್ಯೋಗಿ ತಿದ್ದಿದ್ದ ಬೀಗದ ಸಾಲೇ ಕೆಂಪಾಯಿತು: ಈ ಷರತ್ತು ಯಾವಾಗಲೂ ನಿಜ. ಅಂದರೆ ಬೀಗ ಹಾಕಿದರೂ ಅಷ್ಟೆ, ಬಿಟ್ಟರೂ ಅಷ್ಟೆ, ಮೋಟಾರು ಓಡುತ್ತದೆ.

“ಇದು ಹೊರಗೆ ಹೋಗಿದೆಯಾ?”

“ನೆನ್ನೇನೇ ಎಲ್ಲಾ ಪೆಟ್ಟಿಗೆಗೂ ಕಳಿಸ್ಬುಟ್ಟೆ ಅಕ್ಕಾ. ಹಬ್ಬ ಆದ್ಮೇಲೆ ಅದುನ್ನ ಆನ್ ಮಾಡೋದೇ ಮರ್ತೋಯ್ತು.”

ಮಿಡಿಗೇಶಿಯಲ್ಲಿರುವ ನನ್ನ ಅಣ್ಣನ ತೋಟದಲ್ಲೂ ನಮ್ಮದೇ ಪೆಟ್ಟಿಗೆ. ಇವತ್ತು ಮೋಟಾರಿನ ಕೇಬಲ್ ಬಿಚ್ಚಿ ಜಾಯಿಂಟ್ ಹಾಕುತ್ತೇನೆ ಎಂದು ಅವನು ಬೆಳಿಗ್ಗೆ ತಾನೇ ಹೇಳಿದ್ದ. “ಹಳೇ ಪ್ರೋಗ್ರಾಂ ವಾಪಸ್ ಕಳಿಸೋ, ಬೇಗ!” ಎಂದು ಕಿರುಚಿದೆ. ಕಳಿಸಿದರೇನು, ಸಿಗ್ನಲ್ ಸಿಕ್ಕಾಗಲೇ ಅದು ಪೆಟ್ಟಿಗೆಗೆ ಇಳಿಯುವುದು. ಅಣ್ಣನಿಗೆ ಫೋನ್ ಮಾಡಿದೆ. ರಿಂಗಾಗುತ್ತದೆ, ಎತ್ತುವುದಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಅತ್ತಿಗೆಯ ಫೋನ್ ಸ್ವಿಚ್ ಆಫ್. ದೇವರೇ, ಒಂದು ಸಲ ಎತ್ತಿಸಪ್ಪಾ ಎಂದು ಅಳುತ್ತಾ ಬಾಗಿಲಿಗೆ ಬಂದು ನಿಂತೆ. ಮಧುಗಿರಿ ಬಸ್ಸು ಎದುರಿಗೇ ಇತ್ತು. ಹತ್ತಿದರೂ ಮಿಡಿಗೇಶಿ ತಲುಪುವಷ್ಟರಲ್ಲಿ ಏನು ಉಳಿದಿರುತ್ತದೆ?

ಕೊನೆಗೂ ಎತ್ತಿದ.

“ಏನಮ್ಮಾ, ಇಂಗ್ ಬಡ್ಕಂತಿದೀಯ? ಬೀಡಿ ಹಚ್ಚಾನ ಅಂತ ಕೇಬಲ್ ಬುಟ್ಟು ಈಚೆಗ್ ಬಂದೆ, ಕರೆಂಟ್ ಬಂದು ಸ್ಟಾರ್ಟ್ರು ತಾನಾಗೇ ಹೊಡ್ಕಂತು ಕಣಮ್ಮ! ಬೀಗ ಹಾಕಿದ್ನಲ್ಲ.”

“ಫ್ಯೂಸ್ ಕಿತ್ತಿರಲಿಲ್ವಾ?”

“ಮುಂಚೆ ಕೀಳ್ತಿದ್ದೆ. ನೀನು ಬರ್ದಿರೋದು ಅಂತ ಬುಟ್ಬುಟ್ಟೆ.”

ಎಲ್ಲ ಪೆಟ್ಟಿಗೆಗೂ ತಪ್ಪು ಪ್ರೋಗ್ರಾಂ ಹೋಗಿದೆ, ಮೊದಲು ಫ್ಯೂಸ್ ಕೀಳು ಎಂದೆ. ಕಿತ್ತೆ ಎಂದು ಅವನು ಹೇಳುವವರೆಗೆ ಫೋನ್ ಇಡಲಿಲ್ಲ. ಅವನು ಬದುಕಿದ್ದಾನೆ ಎಂದು ಜೋರಾಗಿ ಅತ್ತೆ.

ಅಣ್ಣ ಕೇಳಿದ, “ನಂಗೆ ಹೇಳ್ದೆ ಸರಿ. ಮಿಕ್ಕೋರ್ಗೆಲ್ಲ ಹೇಳ್ದೇನಮ್ಮಾ?”