ಗಾಯ ಆರಿದ ಮೇಲಿನ ಉರಿ

ಗಡಿಯಾಚೆಯ ಉಮರ್ಗಾದ ಆಸ್ಪತ್ರೆಗೆ ನಾನು ಕೆಲಸಕ್ಕೆ ಸೇರಿದ ದಿನವೇ, ತನ್ನ ಕಂಬಳಿಗೆ ತಾನೇ ಹೆದರುವ ಕುರುಬನೊಬ್ಬ ಬಂದು ಎದುರಿಗೆ ಕೂತ. ಹೆಸರು ಮಾಳಪ್ಪ, ಊರು ತುರೋರಿ. ಕಂಬಳಿ ಹೆಂಡತಿ ಸಾಯವ್ವನ ತೊಡೆಯ ಮೇಲಿತ್ತು. ಆಕೆ ಅದನ್ನು ಸ್ವಲ್ಪ ಹತ್ತಿರ ತಂದರೆ ಸಾಕು, ಅಷ್ಟು ದೊಡ್ಡ ಆಳು ಗೋಡೆಗೆ ಸರಿಯುತ್ತಿದ್ದ.

"ಎಡಾ ಹೆಗಲಿಗಿ ನಾಗಿಣ ಆಗಿತ್ತುರೀ ಡಾಕ್ಟರಬಾಯಿ," ಎಂದಳು ಸಾಯವ್ವ. ನಾಗಿಣ ಎಂದರೆ ನಮ್ಮ ಕಡೆಯ ಸರ್ಪಸುತ್ತು. ಇಲ್ಲಿಯ ಕನ್ನಡಕ್ಕೆ ಮರಾಠಿಯಿಂದ ಬಂದ ಮಾತು. "ಗುಳ್ಳಿ ಎಲ್ಲಾ ಒಣಗ್ಯಾವ. ಆದ್ರ ಕಂಬಳಿ ತಾಕಿದ್ರ ಬೆಂಕಿ ಹತ್ತಿದಂಗ ಆಗ್ತದ ಅಂತಾರ. ಬೀರಪ್ಪ ಮುನಿದಾನ ಅಂತ ಮಂದಿ ಆಡ್ಲತಾರ."

ಅವರದು ಬೀರಪ್ಪನ ಪೂಜೆಯ ಮನೆತನ. ಹೆಗಲ ಮೇಲೆ ಕಂಬಳಿ ಇಲ್ಲದೆ ಪೂಜೆಗೆ ನಿಲ್ಲುವಂತಿಲ್ಲ. ದೇವರಿಗೇ ತನ್ನ ಹೆಗಲು ಬೇಡವಾಯಿತೇನೋ ಎಂಬ ಅಳುಕಿನಲ್ಲಿ ಮಾಳಪ್ಪ ಗುಡಿಯ ದಾರಿಯನ್ನೇ ಬಿಟ್ಟಿದ್ದ. ದೀಪಾವಳಿ ಅಮಾವಾಸ್ಯೆಗೂ ನಿಲ್ಲದಿದ್ದರೆ ಪೂಜೆ ದಾಯಾದಿಯ ಪಾಲಾಗುವುದಿತ್ತು.

ನಾನು ತುಮಕೂರಿನವಳು, ನೋವಿನ ಚಿಕಿತ್ಸೆ ನನ್ನ ಕಸುಬು. ಗಂಡ ಉದಗೀರದ ಕಾಲೇಜಿನಲ್ಲಿ ಮೇಷ್ಟ್ರು. ಎರಡೂ ಊರಿನ ನಡುವೆ ಬರುವ ನಿಲಂಗಾದಲ್ಲಿ ಮನೆ ಹಿಡಿದಿದ್ದೇವೆ. ಬಸ್ಸಿನ ನಿದ್ದೆಯೇ ನಮ್ಮ ಆಸ್ತಿ. ಕನ್ನಡ ಬಿಟ್ಟು ಹೋಗುತ್ತಿದ್ದೇನೆ ಎಂದು ಅಳುತ್ತಾ ಬಂದರೆ, ಇಲ್ಲಿ ಬೋರ್ಡುಗಳೆಲ್ಲ ಮರಾಠಿ, ಕಟ್ಟೆಯ ಮೇಲಿನ ಮಾತೆಲ್ಲ ಕನ್ನಡ. ಮನೆಯೊಡತಿ ಮಗಳನ್ನು ಮರಾಠಿಯಲ್ಲಿ ಬೈಯುತ್ತಾಳೆ, ಅತ್ತೆಯ ಜೊತೆ ಕನ್ನಡದಲ್ಲಿ ಜಗಳವಾಡುತ್ತಾಳೆ. ನನ್ನ ಮಾತು ಕೇಳಿ, "ನಿಮ್ದು ಯಾವ ಭಾಷಾರೀ?" ಎಂದ ಪುಣ್ಯಾತ್ಗಿತ್ತಿ ಆಕೆ.

ತುಮಕೂರಲ್ಲಿ ಮುದ್ದೆ, ಸೊಪ್ಪಿನ ಸಾರು. ಇಲ್ಲಿ ಜೋಳದ ರೊಟ್ಟಿ, ಜೊತೆಗೆ ಠೇಚಾ, ಅಂದರೆ ಹಸಿಮೆಣಸಿನಕಾಯಿ ಬೆಳ್ಳುಳ್ಳಿ ಹಾಕಿ ಕುಟ್ಟಿದ್ದು. ಮೊದಲ ತುತ್ತಿಗೇ ಕಣ್ಣಲ್ಲಿ ನೀರಾಡಿತು. ನರದ ತುದಿಯ ಒಂದೇ ರಿಸೆಪ್ಟರು, ಕನ್ನಡದಲ್ಲಿ ಗ್ರಾಹಕ, ಮೆಣಸಿನ ಖಾರವನ್ನೂ ಸುಡುವ ಬಿಸಿಯನ್ನೂ ಹಿಡಿಯುತ್ತದೆ, ಅದು ಮೇಲಕ್ಕೆ ಕಳಿಸುವುದು ಉರಿಯ ಸುದ್ದಿಯೊಂದನ್ನೇ. ಪುಸ್ತಕದಲ್ಲಿ ಓದಿದ್ದು ಅಂದು ನಾಲಿಗೆಗೆ ಅರ್ಥವಾಯಿತು.

ಸಂಜೆಯ ಬಸ್ಸಿನಲ್ಲಿ ತೂಕಡಿಸುತ್ತಾ ಮಾಳಪ್ಪನ ಬೆನ್ನುಹುರಿಯೊಳಗೆ ಇಳಿದುಬಿಡುತ್ತಿದ್ದೆ. ಚರ್ಮದಿಂದ ಬಂದ ನರ ಅಲ್ಲಿ ಇನ್ನೊಂದು ಜೀವಕೋಶಕ್ಕೆ ಸುದ್ದಿ ದಾಟಿಸುತ್ತದೆ. ಆ ಕೋಶದ ಮೈತುಂಬ ಪುಟ್ಟ ಬಾಗಿಲುಗಳು, ಅವೇ ಗ್ರಾಹಕಗಳು. ಕೆಲವು ಥಟ್ಟನೆ ತೆರೆದು ಮುಚ್ಚುತ್ತವೆ. ಇನ್ನು ಕೆಲವಕ್ಕೆ ಮೆಗ್ನೀಸಿಯಂನ ಬಿರಡೆ. ನೋವು ಬಿಡದೆ ಬಡಿಯುತ್ತಿದ್ದರೆ ಬಿರಡೆ ಕಳಚಿ ಕೋಶ ಬೆಚ್ಚಿಬೀಳುವುದನ್ನು ಕಲಿಯುತ್ತದೆ. ಸುದ್ದಿಯನ್ನು ತಣಿಸುವ ಗ್ರಾಹಕಗಳ ಕೈಯೂ ಸೋಲುತ್ತದೆ. ಆಮೇಲೆ ಉಣ್ಣೆ ಸೋಕಿದ್ದೂ ಉರಿಯೆಂದೇ ಮಿದುಳಿಗೆ ಮುಟ್ಟುತ್ತದೆ. ಕಿಟಕಿಯಾಚೆ ಹೊಂಬಣ್ಣದ ದೂಳಿನಲ್ಲಿ ಕುರಿಗಳು ತೇಲಿಹೋಗುತ್ತಿದ್ದವು. ಅರೆನಿದ್ದೆಯಲ್ಲಿ ಅವೂ ಆ ಬಾಗಿಲುಗಳತ್ತಲೇ ನಡೆಯುತ್ತಿದ್ದವು.

ಮಾಳಪ್ಪ ಮತ್ತೆ ಬಂದಾಗ ಇದನ್ನೇ ಬಿಡಿಸಿ ಹೇಳಿದೆ. ನನ್ನ ತುಮಕೂರಿನ ಕನ್ನಡ ಆತನಿಗೆ ಅರ್ಧ ಹತ್ತಿತು, ಅರ್ಧ ಹತ್ತಲಿಲ್ಲ. ಸಾಯವ್ವ ಗಂಡನ ಕಡೆ ತಿರುಗಿದಳು. "ಕುರಿ ನುಗ್ಗಿ ನುಗ್ಗಿ ದೊಡ್ಡಿ ಬಾಗ್ಲಾ ಸಡ್ಲ ಆಗ್ಯಾದಂತ. ಈಗ ಗಾಳಿ ಬಂದ್ರೂ ತೆರೀತದಂತ."

"ಅಂದ್ರ ಬೀರಪ್ಪ ಮಾಡಿದ್ದಲ್ಲ?" ಎಂದ ಮಾಳಪ್ಪ.

"ಅಲ್ಲ," ಎಂದೆ.

ನರದ ಗದ್ದಲ ತಗ್ಗಿಸುವ ಮಾತ್ರೆ ಬರೆದುಕೊಟ್ಟೆ. ಪೂರ್ತಿ ಹೋಗುತ್ತದೆಂದು ಮಾತು ಕೊಡಲಿಲ್ಲ. ಅಮಾವಾಸ್ಯೆ ಹತ್ತಿರವಾದಂತೆ ನಾನೇ ದಿನ ಎಣಿಸತೊಡಗಿದೆ. ಈ ಊರಲ್ಲಿ ನನ್ನನ್ನು ಮೊದಲು ನಂಬಿದವನು ಆತ.

ಪೂಜೆಗೆ ಕರೆ ಬಂತು, ತುರೋರಿಯ ಗುಡಿಗೆ ಹೋದೆ. ಎಳೆಬಿಸಿಲು, ಹೊಗೆಯಾಡುವ ಊದುಬತ್ತಿ. ಹೆದ್ದಾರಿಯ ಲಾರಿಗಳ ಸದ್ದು ಯಾವುದೋ ಬೇರೆ ಲೋಕದ್ದು ಎನ್ನಿಸುತ್ತಿತ್ತು. ದಾಯಾದಿ ಕೈಕಟ್ಟಿ ನೋಡುತ್ತಿದ್ದ. ಮಾಳಪ್ಪ ಕಂಬಳಿಯನ್ನೆತ್ತಿ ಎಡಹೆಗಲಿಗೆ ಹಾಕಿದ. ದವಡೆ ಬಿಗಿಯಿತು, ಕಂಬಳಿ ಮಾತ್ರ ಇಳಿಯಲಿಲ್ಲ. ಪೂಜೆ ಮುಗಿಸಿ, ಹಣೆಗೆ ಭಂಡಾರದ ಅರಿಸಿನ ಹಚ್ಚಿಕೊಂಡು ಹೊರಬಂದವನನ್ನು, "ಉರೀತಾ ಇದೆಯಾ?" ಎಂದು ಕೇಳಿದೆ.

"ಉರೀಲತದ್ರಿ. ಆದ್ರ ದೇವ್ರು ಸಿಟ್ಟಾಗಿಲ್ಲಂತ ತಿಳೀತಲ್ಲ, ಇಷ್ಟು ತಾಳ್ತೀನಿ," ಎಂದ. ನನಗೆ ಆಗ ಆದ ಸಂತೋಷ ಇಷ್ಟಿಷ್ಟಲ್ಲ.

ಸಾಯವ್ವ ಇನ್ನೊಂದು ಕಂಬಳಿ ಹಾಸಿ ನನ್ನನ್ನು ಕೂರಿಸಿ, ಹೋಳಿಗೆ ಬಡಿಸಿದಳು. ಅಷ್ಟರಲ್ಲಿ ಅಮ್ಮನ ಫೋನು. "ಹಬ್ಬಕ್ಕೂ ಬರ್ಲಿಲ್ವಲ್ಲೇ," ಎಂದಳು. ಬೈದದ್ದೂ ಅಲ್ಲ, ಬರೀ ಅಷ್ಟು ಮಾತು. ನನ್ನ ಕಣ್ಣು ತುಂಬಿಕೊಂಡವು. ಹೋದ ಸಲ ತುಮಕೂರಿಗೆ ಹೋದಾಗಲೂ ಹೀಗೆಯೇ ಆಗಿತ್ತು. ಅಮ್ಮನ ಕೈಯಡುಗೆಯ ಮುಂದೆ ಕೂತು ನಿಲಂಗಾದ ಮನೆಯ ರೊಟ್ಟಿ ಬಡಿಯುವ ಸದ್ದಿಗೆ ಹಂಬಲಿಸಿದ್ದೆ.

"ಎಲ್ಲಿ ನೋಯ್ತದ್ರಿ ಬಾಯಿ?" ಎಂದು ಕೇಳಿದಳು ಸಾಯವ್ವ.

ದಿನವೂ ನಾನು ಮಂದಿಗೆ ಕೇಳುವ ಪ್ರಶ್ನೆ. ಬೆರಳಿಟ್ಟು ತೋರಿಸಿ ಎನ್ನುತ್ತೇನೆ, ತೋರಿಸುತ್ತಾರೆ. ನನ್ನಿಂದ ತೋರಿಸಲು ಆಗಲಿಲ್ಲ.