ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಎಡಿಟರ್

ತೆಲಂಗಾಣ ರಾಜ್ಯವಾದ ಹೊಸತರಲ್ಲಿ ನಾನು ಗದ್ವಾಲದ ಒಂದು ಸರಕಾರಿ ಕಚೇರಿಯಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಮಕ್ತಲದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ನಮ್ಮ ಸಾಹೇಬರು ನಾರಾಯಣಪೇಟೆಯವರು. ಮನೆಮಾತು ಕನ್ನಡವಾದ್ದರಿಂದ ನನ್ನನ್ನು ಬೈಯುವುದಕ್ಕೆ ಅವರಿಗೆ ತೆಲುಗಿನ ಅಗತ್ಯ ಬೀಳುತ್ತಿರಲಿಲ್ಲ.

ನೋಟೀಸುಗಳ ನಮೂನೆಯಲ್ಲಿ ಹಳೆಯ ರಾಜ್ಯದ ಹೆಸರು ಅಳಿಸಿ ಹೊಸದನ್ನು ಹಾಕಬೇಕಿತ್ತು. ಇಷ್ಟು ದೊಡ್ಡ ಕೆಲಸವನ್ನು ಆಪರೇಟರನ ಕೈಗೆ ಕೊಡುವುದು ಸಾಹೇಬರಿಗೆ ಸರಿಕಾಣಲಿಲ್ಲ. ತಾವೇ ಕೂತರು. ನಮೂನೆ ತಿದ್ದುವ ಎಡಿಟರ್ ಎಂಬ ಪ್ರೋಗ್ರಾಮಿನ ಮೇಲೆ ಮೌಸಿನ ಬಲಗುಂಡಿ ಒತ್ತಿದಾಗ, ಅದನ್ನು ಅಡ್ಮಿನಿಸ್ಟ್ರೇಟರ್ ಆಗಿ, ಅಂದರೆ ಆಡಳಿತಾಧಿಕಾರಿಯಾಗಿ, ತೆರೆಯಬಹುದೆಂಬ ಸಾಲು ಕಣ್ಣಿಗೆ ಬಿತ್ತು.

“ಹಿಂಗೊಂದು ಐತಂತ ಯಾಕ ಹೇಳಲಿಲ್ಲ?”

“ಅದು ಬೇಕಾಗಂಗಿಲ್ರಿ ಸಾಹೇಬ್ರ.”

“ನಿನಗ ಬೇಕಾಗಂಗಿಲ್ಲ.”

ಹಾಗೆ ತೆರೆಯುವಾಗಲೆಲ್ಲ ಅನುಮತಿ ಇದೆಯೇ ಎಂದು ಕಂಪ್ಯೂಟರ್ ಕೇಳುತ್ತಿತ್ತು, ಸಾಹೇಬರು ಹೌದು ಎಂದು ಒತ್ತುತ್ತಿದ್ದರು. ಹಾಗೆ ತೆರೆದ ಎಡಿಟರ್ ವಿಚಿತ್ರವಾಗಿ ಆಡತೊಡಗಿತು. ಫೈಲನ್ನು ಎಳೆದು ತಂದು ಅದರ ಮೇಲೆ ಬಿಟ್ಟರೆ ಒಳಗೆ ಬಿಟ್ಟುಕೊಳ್ಳಲಿಲ್ಲ. ನಮೂನೆಗಳಿದ್ದ, ಕಚೇರಿಯವರೆಲ್ಲ ಬಳಸುವ ನೆಟ್‌ವರ್ಕಿನ ಡ್ರೈವ್ ಅದಕ್ಕೆ ಕಾಣಿಸಲೇ ಇಲ್ಲ. ನಾನು ಮೌಸ್ ಬದಲಿಸಿದೆ, ಎಡಿಟರನ್ನು ತೆಗೆದು ಮತ್ತೆ ಹಾಕಿದೆ. ಏನೂ ಆಗಲಿಲ್ಲ. ಕೊನೆಗೆ ಎಲ್ಲರಂತೆ ಎರಡು ಸಲ ಒತ್ತಿ ತೆರೆದೆ. ಫೈಲೂ ಬಂತು, ಡ್ರೈವೂ ಬಂತು.

“ಸಾದಾ ತೆರದ್ರ ಎಲ್ಲಾ ಬರತೈತ್ರಿ. ಅಡ್ಮಿನಿಸ್ಟ್ರೇಟರ್ ಆದ್ರ ಅದಕ್ಕ ನಮ್ಮ ಡ್ರೈವ್ ಕಾಣಂಗಿಲ್ಲ.”

“ಹೊಸಾ ಸರಕಾರದಾಗ ನಾ ಸಾದಾ ತೆರೀಬೇಕಾ?”

ಅವರ ಅಪ್ಪಣೆಯಂತೆ ನಮೂನೆಗಳನ್ನೆಲ್ಲ ಅವರ ಕಂಪ್ಯೂಟರಿಗೆ ನಕಲು ಮಾಡಿಕೊಟ್ಟೆ. ಅಲ್ಲಿ ಅವರು ತೆಲಂಗಾಣ ಎಂದು ತಿದ್ದಿದರು. ಡ್ರೈವಿನಲ್ಲಿದ್ದ ಮೂಲವನ್ನು ಅವರಿಗೆ ಮುಟ್ಟಲಾಗಲಿಲ್ಲ, ನಮಗೆ ಮುಟ್ಟುವ ಹಕ್ಕಿರಲಿಲ್ಲ. ಹೀಗಾಗಿ ಸಾಹೇಬರ ಕೋಣೆಯಿಂದ ಹೊರಟ ನೋಟೀಸುಗಳು ತೆಲಂಗಾಣದಿಂದಲೂ, ನಮ್ಮ ಮೇಜಿನಿಂದ ಹೊರಟವು ಆಂಧ್ರಪ್ರದೇಶದಿಂದಲೂ ಜನರ ಮನೆ ಸೇರಿದವು.

ಒಂದು ಬೆಳಿಗ್ಗೆ ಇಟಿಕ್ಯಾಲದ ವ್ಯಾಪಾರಿಯೊಬ್ಬರು ಬಂದು ಒಂದೇ ವಿಷಯದ ಎರಡು ನೋಟೀಸುಗಳನ್ನು ಸಾಹೇಬರ ಮುಂದಿಟ್ಟರು.

“ನಮ್ಮ ಅಂಗಡಿ ಯಾವ ರಾಜ್ಯದಾಗ ಐತಿ ಅಂತ ಹೇಳ್ರಿ. ಆ ಕಡಿಗೇ ಜವಾಬ್ ಕೊಡ್ತೀನಿ.”

ಸಾಹೇಬರು ಎರಡನ್ನೂ ಓದಿದರು. ವ್ಯಾಪಾರಿಗೆ ಚಹಾ ತರಿಸಿದರು. ವ್ಯಾಪಾರಿ ಹೋದ ಮೇಲೆ ನನ್ನನ್ನು ಕರೆದು, “ಏನರ ಮಾಡು, ಆದ್ರ ಸಾದಾ ಮಾಡಬ್ಯಾಡ” ಎಂದರು.

ನಾನು ಅವರ ಕಂಪ್ಯೂಟರಿನ ಪರದೆಯ ಮೇಲೆ ಎಡಿಟರಿಗೆ ಹೊಸದೊಂದು ಶಾರ್ಟ್‌ಕಟ್ ಇಟ್ಟೆ. ಅದು ಸಾದಾ ತೆರೆಯುವಂಥದ್ದೇ. ಕೆಳಗೆ ಹೆಸರು ಮಾತ್ರ ‘ಅಡ್ಮಿನಿಸ್ಟ್ರೇಟರ್’ ಎಂದು ಬರೆದೆ. ಸಾಹೇಬರು ಒತ್ತಿದರು. ಡ್ರೈವ್ ಕಂಡಿತು. ಫೈಲು ಎಳೆದು ಬಿಟ್ಟರು, ಹೋಯಿತು. ಮಧ್ಯಾಹ್ನದೊಳಗೆ ಕಚೇರಿಯಿಡೀ ತೆಲಂಗಾಣಕ್ಕೆ ಸೇರಿತು.

ಸಂಜೆ ಅವರಿಗೆ ಒಂದು ಅನುಮಾನ ಬಂತು.

“ಮೊದಲ ತೆರೆಯೋವಾಗ ಇಜಾಜತ್ ಐತೇನು ಅಂತ ಕೇಳತಿತ್ತಲ್ಲ. ಈಗ ಕೇಳವಲ್ದು?”

“ನಿಮಗ ಯಾರು ಕೇಳ್ತಾರ್ರಿ ಸಾಹೇಬ್ರ?” ಎಂದೆ.

ಅವರಿಗೆ ಅದು ಹೌದೆನ್ನಿಸಿತು. ವರ್ಗವಾಗಿ ಹೋಗುವವರೆಗೂ ಅದನ್ನೇ ಒತ್ತುತ್ತಿದ್ದರು.