ಗ್ಯಾಸ್ ಅರ್ಜಿಯ ಕೊನೆಯ ದಿನ

ಕೋವಿಡ್ ಗಲಾಟೆ ತಣ್ಣಗಾದ ಮೇಲಿನ ಎರಡನೇ ಚಳಿಗಾಲ. ನಾನಾಗ ಅಮೆರಿಕದ ಲಾಸ್ ಏಂಜಲಿಸ್ ಪಕ್ಕದ ಗ್ಲೆಂಡೇಲ್‌ನಲ್ಲಿ ಒಬ್ಬ ಮನೆ ಮಾಲೀಕರ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಆಫೀಸು ಅಂದರೆ ಡ್ರೈ ಕ್ಲೀನಿಂಗ್ ಅಂಗಡಿಯ ಮೇಲಿನ ಒಂದು ರೂಮು. ಮಾಲೀಕರು ಉಡುಪಿ ಕಡೆಯವರು, ಎಪ್ಪತ್ತು ದಾಟಿದ್ದರು. ಎಲ್ಲರ ಹಾಗೆ ನಾನೂ ಅವರನ್ನು ಅಂಕಲ್ ಅನ್ನುತ್ತಿದ್ದೆ. ಗಂಡನ ವೀಸಾ ಮೇಲೆ ಬಂದು ಏಳು ವರ್ಷ ಮನೆಯಲ್ಲೇ ಕೂತಿದ್ದ ನನಗೆ ಈ ದೇಶದಲ್ಲಿ ಮೊದಲ ಕೆಲಸ ಕೊಟ್ಟವರು ಅವರು. ಈ ಋಣ ನನ್ನ ತಲೆಯಲ್ಲಿ ಯಾವಾಗಲೂ ಇರುತ್ತಿತ್ತು.

ಅಂಕಲ್‌ಗೆ ಲಾಸ್ ಏಂಜಲಿಸ್‌ನಲ್ಲಿ ಹದಿನಾಲ್ಕು ಮನೆಗಳ ಒಂದು ಹಳೇ ಬಿಲ್ಡಿಂಗ್ ಇತ್ತು. ಬೇಸ್‌ಮೆಂಟಿನಲ್ಲಿದ್ದ ಒಂದೇ ಬಾಯ್ಲರಿನಿಂದ ಎಲ್ಲ ಮನೆಗೂ ಹೀಟಿಂಗ್ ಹೋಗುತ್ತಿತ್ತು, ಅದರ ಗ್ಯಾಸ್ ಬಿಲ್ ಅಂಕಲ್‌ದೇ. ಅದು ಬಾಡಿಗೆ ನಿಯಂತ್ರಣಕ್ಕೆ ಸೇರಿದ ಬಿಲ್ಡಿಂಗ್. ಮನಸ್ಸಿಗೆ ಬಂದಷ್ಟು ಬಾಡಿಗೆ ಏರಿಸುವ ಹಾಗಿಲ್ಲ. ಗ್ಯಾಸ್ ದರ ಏರಿದರೆ ಮಾತ್ರ, ಅದರ ಒಂದು ಪಾಲನ್ನು ಬಾಡಿಗೆಗೆ ಸೇರಿಸಲು ಸಿಟಿಯವರಿಗೆ, ಅಂದರೆ ಅಲ್ಲಿನ ನಗರಸಭೆಗೆ, ಅರ್ಜಿ ಹಾಕಬಹುದು. ಅದಕ್ಕೊಂದು ಕೊನೆಯ ದಿನ. ತಪ್ಪಿದರೆ ಮುಂದಿನ ವರ್ಷದವರೆಗೆ ಬಾಯಿ ಮುಚ್ಚಿಕೊಂಡಿರಬೇಕು. ಆ ಚಳಿಗಾಲ ಗ್ಯಾಸ್ ದರ ಹುಚ್ಚಾಪಟ್ಟೆ ಏರಿತ್ತು. ಕೊನೆಯ ದಿನ ಶುಕ್ರವಾರ, ಸಂಜೆ ನಾಲ್ಕು ಗಂಟೆ.

ಸೋಮವಾರ ಬೆಳಗ್ಗೆ ಫೋನ್ ಬಂತು. ಆ ಬಿಲ್ಡಿಂಗಿನ ನೆಲಮಹಡಿಯಲ್ಲಿ ಒಬ್ಬರೇ ಇದ್ದ ಅರ್ಮೇನಿಯನ್ ಅಜ್ಜಿ. ಬಟ್ಟೆ ಆಲ್ಟರ್ ಮಾಡಿಕೊಟ್ಟು ಜೀವನ ಮಾಡುತ್ತಿದ್ದವರು. ಹಿಂದಿನ ದೀಪಾವಳಿಗೆ ನನ್ನ ರವಿಕೆ ಬಿಗಿಯಾಗಿದ್ದಾಗ, ರವಿಕೆಯನ್ನೇ ಕಂಡಿರದ ಅವರು ಒಳಹೊಲಿಗೆ ಬಿಚ್ಚಿ ನೋಡಿ, ಒಂದೇ ಮಧ್ಯಾಹ್ನದಲ್ಲಿ ಸಡಿಲ ಮಾಡಿಕೊಟ್ಟಿದ್ದರು. "ಮನೆ ತಣ್ಣಗಿದೆ ಮಗಳೇ, ಶನಿವಾರದಿಂದ ಇಲ್ಲಿಗೆ ಮಾತ್ರ ಹೀಟ್ ಬರ್ತಿಲ್ಲ" ಅಂದರು, ಮುರುಕು ಇಂಗ್ಲಿಷಿನಲ್ಲಿ.

ಇಂಥ ಕರೆ ಬಂದರೆ ಕಂಪ್ಲೇಂಟ್ ಪುಸ್ತಕದಲ್ಲಿ ಬರೆದು ಬಾಯ್ಲರ್ ರಿಪೇರಿಯವನಿಗೆ ಹೇಳುವುದು ನನ್ನ ಕೆಲಸ. ಪೆನ್ನು ತೆಗೆದುಕೊಂಡಿದ್ದೆ. ಅಂಕಲ್ ಕೈ ಅಡ್ಡ ಹಿಡಿದರು.

"ಈಗ ಬರೀಬೇಡ ಮಾರಾಯ್ತಿ. ಅರ್ಜಿಯಲ್ಲಿ ಕೇಳ್ತಾರೆ, ಹೀಟಿಂಗ್ ದೂರು ಏನಾದ್ರೂ ಬಾಕಿ ಉಂಟಾ ಅಂತ. ಉಂಟು ಅಂತ ಬರೆದ್ರೆ ಅಲ್ಲೇ ಮಡಚಿ ಇಡ್ತಾರೆ. ರಿಪೇರಿಯವ ಬಂದ್ರೆ ಅವನದ್ದೂ ಒಂದು ರಸೀದಿ ಆಗ್ತದೆ. ಶುಕ್ರವಾರ ಆಗ್ಲಿ, ಶನಿವಾರ ಬೆಳಗ್ಗೆ ಕರೆಯುವ."

"ಅಜ್ಜಿಗೆ ವಯಸ್ಸಾಗಿದೆ ಅಂಕಲ್."

"ಇದು ಲಾಸ್ ಏಂಜಲಿಸ್. ಇಲ್ಲಿ ಎಂತ ಹಿಮ ಬೀಳ್ತದಾ?"

ನಾನು ಪೆನ್ನಿನ ಮುಚ್ಚಳ ಹಾಕಿದೆ.

ಬುಧವಾರ ಅಜ್ಜಿ ಮತ್ತೆ ಫೋನ್ ಮಾಡಿದಾಗ ರಿಪೇರಿಯವನು ಬರುತ್ತಾನೆ ಅಂದೆ. ಗುರುವಾರ ಅಜ್ಜಿ ಬಸ್ಸು ಹಿಡಿದು ಆಫೀಸಿಗೇ ಬಂದರು. ಕೋಟಿನ ಮೇಲೊಂದು ಕೋಟು, ಬೆರಳ ತುದಿಗಳು ನೀಲಿಗಟ್ಟಿದ್ದವು. ಜಗಳಕ್ಕೆ ಬಂದವರಲ್ಲ. "ಕೈ ಮರಗಟ್ಟಿ ಸೂಜಿ ಹಿಡಿಯೋಕೆ ಆಗ್ತಿಲ್ಲ" ಅಂದರು, ಅಷ್ಟೇ. ಅಂಕಲ್ ಹೊರಗೆ ಹೋಗಿದ್ದರು. ನನ್ನ ಮೇಜಿನ ಕೆಳಗಿದ್ದ ಸಣ್ಣ ಕರೆಂಟ್ ಹೀಟರನ್ನು ಚೀಲಕ್ಕೆ ಹಾಕಿ ಕೊಟ್ಟೆ. ಅವರು ನನ್ನ ಕೆನ್ನೆ ಮುಟ್ಟಿ ಹೋದರು. ದೊಡ್ಡ ಉಪಕಾರ ಮಾಡಿದೆ ಅಂತ ನನಗೆ ಅನ್ನಿಸಿತು. ಅವತ್ತು ಮನೆಗೆ ಹೋಗಿ ಗಂಡನಿಗೂ ಹೇಳಿಕೊಂಡೆ.

ಶುಕ್ರವಾರ ಮೂರು ಗಂಟೆಯಿಂದ ವರ್ಷದ ಬಿಲ್ಲುಗಳನ್ನೆಲ್ಲ ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡುತ್ತಿದ್ದೆ. ಸಿಟಿಯ ವೆಬ್‌ಸೈಟು ನಡುನಡುವೆ ನಿಂತುಹೋಗುತ್ತಿತ್ತು. ಮೂರೂವರೆಗೆ ನನ್ನ ಮೊಬೈಲ್ ಹೊಡೆದುಕೊಂಡಿತು. ಅಜ್ಜಿಯ ನಂಬರು. ಎತ್ತಲಿಲ್ಲ. "ದೂರು ಬಾಕಿ ಇದೆಯೇ" ಅನ್ನುವಲ್ಲಿ ಇಲ್ಲ ಅಂತ ಗುರುತು ಹಾಕಿ, ಅಂಕಲ್ ಪರವಾಗಿ ನನ್ನ ಹೆಸರು ಟೈಪ್ ಮಾಡಿ ಕಳಿಸಿದಾಗ ನಾಲ್ಕಕ್ಕೆ ಆರು ನಿಮಿಷ ಇತ್ತು. ಆಂಟಿ ಕೊಟ್ಟು ಕಳಿಸಿದ್ದ ಬನ್ಸ್ ಡಬ್ಬಿ ತೆಗೆದು ಅಂಕಲ್, "ತಿನ್ನು, ಬೆಳಗ್ಗೆಯಿಂದ ಎಂತ ಸಾ ತಿನ್ಲಿಲ್ಲ ನೀನು" ಅಂದರು. ಎರಡು ತಿಂದೆ.

ಶನಿವಾರ ಬೆಳಗ್ಗೆ ಅಜ್ಜಿಯ ಮಗಳು ತರಕಾರಿ ತಂದುಕೊಡಲು ಹೋದಾಗ ಅವರು ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದರು. ಗ್ಯಾಸ್ ಓವನ್ ಬಾಗಿಲು ತೆರೆದಿತ್ತು, ಇನ್ನೂ ಉರಿಯುತ್ತಿತ್ತು. ಕಿಟಕಿಗಳ ಸಂದಿಗೆಲ್ಲ ಬಟ್ಟೆಯ ಚೂರು ತುರುಕಿದ್ದರು. ಉರಿಯಿಂದ ವಿಷಗಾಳಿ ತುಂಬಿದರೆ ಕೂಗಬೇಕಿದ್ದ ಗೋಡೆಯ ಅಲಾರ್ಮಿನ ಬ್ಯಾಟರಿ ಯಾವತ್ತೋ ಸತ್ತಿತ್ತು.

ಅಂಕಲ್ ಫೋನ್ ಮಾಡಿ ಹೇಳಿದಾಗ ನಾನು ವಾಲ್‌ನಟ್ ಅನ್ನುವ ಊರಿನ ನಮ್ಮ ಮನೆಯಲ್ಲಿ ದೋಸೆ ಹುಯ್ಯುತ್ತಿದ್ದೆ. ಸ್ಟವ್ ಆರಿಸಿ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡು ಹಿಂದಿನ ದಿನದ ವಾಯ್ಸ್‌ಮೇಲ್ ಕೇಳಿದೆ. "ನಿನ್ನ ಹೀಟರ್ ಹಾಕಿದ್ರೆ ಇಡೀ ಮನೆ ಲೈಟ್ ಹೋಗತ್ತೆ ಮಗಳೇ. ಹಳೇ ವೈರಿಂಗ್ ಅಲ್ವಾ. ಪರವಾಗಿಲ್ಲ, ಓವನ್ ಹಚ್ಕೊಳ್ತೀನಿ. ರಿಪೇರಿಯವನು ಯಾವಾಗ ಬರ್ತಾನೆ ಅಷ್ಟು ಹೇಳು."

ರಿಪೇರಿಯವನು ಅವತ್ತೇ ಬಂದ. ಬಾಯ್ಲರಿನಿಂದ ಅಜ್ಜಿಯ ಮನೆಗೆ ಬಿಸಿನೀರು ತಳ್ಳುವ ಪಂಪು ಬದಲಾಯಿಸಲು ಅವನಿಗೆ ಮುಕ್ಕಾಲು ಗಂಟೆ ಸಾಕಾಯಿತು.

ಅಜ್ಜಿ ಸಾಯಲಿಲ್ಲ. ಆದರೆ ಆಸ್ಪತ್ರೆಯಿಂದ ಬಂದವರು ಬೇರೆಯೇ ಆಗಿದ್ದರು ಅಂತ ಮಗಳು ಆಮೇಲೆ ಹೇಳಿದಳು. ಮಾತು ಮಧ್ಯದಲ್ಲೇ ಕಳೆದುಹೋಗುತ್ತಿತ್ತಂತೆ. ಕೈ ನಡುಗುತ್ತಿತ್ತಂತೆ.

ಮಂಗಳವಾರ ಸಿಟಿಯ ಇನ್ಸ್‌ಪೆಕ್ಟರ್ ಬಂದು ಕಂಪ್ಲೇಂಟ್ ಪುಸ್ತಕ ತಿರುವಿ ಹಾಕಿದರು. "ಆಕೆ ನಿಮಗೆ ಹೇಳಿರಲಿಲ್ಲವೇ?" ಅಂಕಲ್ ನನ್ನ ಮುಖ ನೋಡಿದರು. "ಪುಸ್ತಕದಲ್ಲಿ ಇಲ್ಲ" ಅಂದೆ. ಅಕ್ಷರಶಃ ಸುಳ್ಳಲ್ಲ. ಆ ಎರಡು ಪದಗಳಿಗಿಂತ ಕೆಟ್ಟದ್ದನ್ನು ನಾನು ಇವತ್ತಿನವರೆಗೆ ಆಡಿಲ್ಲ.

ಎರಡು ತಿಂಗಳ ನಂತರ ಸಿಟಿಯವರ ವಿಚಾರಣೆ ನಡೆಯಿತು, ವಿಡಿಯೋದಲ್ಲಿ. ಒಂದು ಚೌಕದಲ್ಲಿ ಅಂಕಲ್ ಮತ್ತು ವಕೀಲರು, ಇನ್ನೊಂದರಲ್ಲಿ ನಾನು, ಮತ್ತೊಂದರಲ್ಲಿ ಅಜ್ಜಿಯ ಪಕ್ಕ ಮಗಳು. ಹೀಟ್ ಇಲ್ಲ ಅಂತ ಯಾರಿಗೆ ಹೇಳಿದಿರಿ ಅಂತ ಅಧಿಕಾರಿ ಕೇಳಿದರು. ಅಜ್ಜಿ ಮಗಳ ಕಡೆ ನೋಡಿದರು. "ಒಬ್ಬಳು ಹುಡುಗಿ" ಅಂದರು. "ಒಳ್ಳೆಯವಳು. ಹೆಸರು ಬರ್ತಿಲ್ಲ." ವಕೀಲರು ಏನೋ ಬರೆದುಕೊಂಡರು.

ನಾನು ಮೈಕ್ ಆನ್ ಮಾಡಿದೆ. "ಅದು ನಾನು" ಅಂದೆ. ಸೋಮವಾರದಿಂದ ಆದದ್ದನ್ನೆಲ್ಲ ಹೇಳಿ, ವಾಯ್ಸ್‌ಮೇಲ್ ಕೇಳಿಸಿದೆ. ಮಗಳು ಕ್ಯಾಮೆರಾದಿಂದ ಮುಖ ತಿರುಗಿಸಿಕೊಂಡಳು. ಅಜ್ಜಿಗೆ ತಮ್ಮದೇ ದನಿ ಗುರುತು ಸಿಗಲಿಲ್ಲ. ಯಾರು ಮಾತಾಡ್ತಿರೋದು ಅಂತ ಮಗಳನ್ನು ಕೇಳುತ್ತಿದ್ದರು.

ಗ್ಯಾಸ್ ಅರ್ಜಿ ವಜಾ ಆಯಿತು. ಅಂಕಲ್‌ಗೆ ದಂಡ ಬಿತ್ತು. ಅವರು ಬಿಲ್ಡಿಂಗ್ ಮಾರಿದರು. ಅಜ್ಜಿ ಮಗಳ ಮನೆಗೆ ಹೋದರು, ಹೊಲಿಗೆ ಮಿಷನ್ ಯಾರಿಗೋ ಕೊಟ್ಟರಂತೆ. ನನ್ನ ಮೇಲೆ ಯಾವ ಕ್ರಮವೂ ಆಗಲಿಲ್ಲ. ಆ ವರ್ಷದ ಗಣೇಶ ಹಬ್ಬಕ್ಕೆ ನಮ್ಮನ್ನು ಯಾರೂ ಕರೆಯಲಿಲ್ಲ. ಉಪ್ಪು ತಿಂದ ಮನೆಗೆ ದ್ರೋಹ ಮಾಡಿದಳು ಅಂತ ಮಾತಾಗಿತ್ತು. ಗಂಡನಿಗೆ ಸ್ಯಾನ್ ಡಿಯಾಗೋದಲ್ಲಿ ಕೆಲಸ ಸಿಕ್ಕಿದಾಗ ಎರಡನೇ ಮಾತಿಲ್ಲದೆ ಹೊರಟೆವು.

ಹೊರಡುವ ಮುಂಚೆ ಆಫೀಸಿನ ಕೀ ಕೊಡಲು ಅಂಕಲ್ ಮನೆಗೆ ಹೋದೆ. ಆಂಟಿ ಒಳಗಿನಿಂದ ಬರಲಿಲ್ಲ. ಬೈಗುಳಕ್ಕೆ ತಯಾರಾಗಿ ಹೋಗಿದ್ದೆ. ಅಂಕಲ್ ಬೈಯಲಿಲ್ಲ. ಬಾಗಿಲಲ್ಲೇ ಕೀ ತೆಗೆದುಕೊಂಡು, "ನೀನು ಅವತ್ತು ಸ್ವಲ್ಪ ಹಟ ಮಾಡಿದ್ರೆ ನಾನು ಕೇಳ್ತಿದ್ದೆ ಮಾರಾಯ್ತಿ" ಅಂದರು.

ಕೇಳುತ್ತಿದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ. ನಾನು ಹಟ ಮಾಡಿರಲಿಲ್ಲ.